ಮಾಜಾಳಿಯಲ್ಲಿ ಎರಡು ರೇಡಿಯೊ

ಗೋವೆಯ ಗೇಟಿಗೆ ಬೀಗ ಬಿದ್ದ ವರ್ಷ
ನಮ್ಮ ಮನೆಗೂ ನಡುವೆ ಒಂದು ಹಲಗೆ ಬಿತ್ತು.
ಆಚೆ ದೊಡ್ಡಪ್ಪ ಬೋಸ್ತ್ಯಾಂವ,
ಪೋರ್ತುಗೀಜರ ಪಿಂಚಣಿ ಗೇಟಿನಾಚೆಯೇ ನಿಂತವನು.
ಈಚೆ ಅಪ್ಪ,
ಪೋಳೆಯಲ್ಲಿ ಲಾಠಿ ತಿಂದು ಬಲಗೈ ಎತ್ತಲಾರದವನು.

ರಾತ್ರಿ ಎರಡು ರೇಡಿಯೊ ಕಚ್ಚಾಡುತ್ತಿದ್ದವು,
ಲಿಸ್ಬನ್ನು, ದಿಲ್ಲಿ.
ಬಾವಿ ಒಂದೇ. ಅಣ್ಣ ಸೇದಿ ಹೋದ ಮೇಲೆ
ಅಪ್ಪ ಎಡಗೈಯಲ್ಲೇ ಹಗ್ಗ ತೊಳೆದು ಸೇದುತ್ತಿದ್ದ.
ಅಜ್ಜಿ ಮಾತ್ರ ಹಲಗೆಯ ಸಂದಿನಲ್ಲಿ
ಬಂಗಡೆ ಸಾರು ದಾಟಿಸುತ್ತಿದ್ದಳು,
ದೊಡ್ಡವನಿಗೆ ಉಪ್ಪು ಆಗದೆಂದು
ಬೇರೆಯೇ ಕುದಿಸಿ.

ಡಿಸೆಂಬರಿನಲ್ಲಿ ಅಂಜದೀವಿನ ಕಡೆಯಿಂದ ಗುಂಡಿನ ಸದ್ದು.
ಮೂರನೆಯ ಸಂಜೆ ಅಪ್ಪ
ಕಾರವಾರದಿಂದ ಪಟಾಕಿ ತಂದ.
ಆಚೆಯ ರೇಡಿಯೊ ಸುಮ್ಮನಿತ್ತು.
ಬರೀ ಕೆಮ್ಮು, ಆಮೇಲೆ
ಬಾವಿಯ ರಾಟೆಯ ಕಿರುಗು, ತಡೆತಡೆದು.

ಅಪ್ಪ ಪಟಾಕಿಯ ಕಟ್ಟು ಬಿಚ್ಚಲಿಲ್ಲ.
ಹಲಗೆಯನ್ನೂ.