ಕಾಲಿಗಿ ಕೇಳ್ರಿ

ಸಪಾಟು ಅದ ಅಂತಾರ ಬೀದರ.
ಕಾಲಿಗಿ ಕೇಳ್ರಿ.

ಕೋಟೆ ಬಿಟ್ಟು ಅಷ್ಟೂರಿಗಿ ಇಳಿಯೋವಾಗ
ಸೈಕಲ್ಲಿಗಿ ನಾ ಬೇಕಾಗೇ ಇಲ್ಲ;
ಗುಮ್ಮಟ ಒಂದೊಂದೇ ಎದ್ದು
ಹಿಂದಕ್ಕ ಸರೀತಾವ.
ವೈಜಿನಾಥ ಹಿಂದಿನ ಬ್ರೇಕ್ ಬಿಗಿ ಮಾಡ್ಯಾನ,
ಮುಂದಿನದು ನಂಬಬ್ಯಾಡ್ರಿ ಸಿಸ್ಟರ್, ಅಂದಾನ.

ಝರಣಿ ದಾರಿ ಬ್ಯಾರೆ.
ಮುರುಮಿನ ಕೆಂಪು ಧೂಳು ಹಲ್ಲಿನಾಗ ಕರಕರ,
ಎದುರುಗಾಳಿ, ತೊಗರಿ ತುಂಬಿದ ಲಾರಿ.
ಎದಿಮಟ ನೀರಾಗ ಗವಿ ನಡೆದು ಬಂದವರು
ತೊಯ್ದ ಬಟ್ಟ್ಯಾಗ ಆಟೋ ಹತ್ತತಾರ;
ನಾ ಹೊರಗೇ ನಿಂತು ಬಾಟ್ಲಿ ತುಂಬ್ಕೋತೀನಿ.

ಬರೋವಾಗ ಏರು.
ನೈಟ್ ಡ್ಯೂಟಿ ಮುಗಿಸಿದ ಮೊಳಕಾಲು
ಪಾಪನಾಶದ ತಿರುವಿಗಿ ಬಂದು ಜಗಳ ತಗೀತದ.
ಇಳಿದು ತಳ್ಳತೀನಿ,
ಯಾರಾದ್ರೂ ಬಂದ್ರ
ಚೈನ್ ಬಿದ್ದದ ಅಂತೀನಿ.

ನಾಳಿ ಚಿಟ್ಟಾ ಕಡಿ.
ದಾರಿ ಛಲೋ ಅದ, ನೆರಳದ.
ಒಂದು ನಾಯಿ ಅದ.