ಎಡಗೈಯ ಇಟ್ಟಿಗೆ

ಹಳೇಬೀಡಿನ ಕೆರೆಯ ಹಿಂದೆ, ರಾಗಿ ಕೊಯ್ದ ಹೊಲದಲ್ಲಿ
ನಾಲ್ಕನೇ ಗುಂಡಿ. ಐದು ಮೀಟರಿಗೆ ಐದು ಮೀಟರು,
ಮೂಲೆಗೊಂದು ಗೂಟ, ಗೂಟಕ್ಕೆ ಬಿಳಿ ದಾರ.
ದೋರಸಮುದ್ರ ಎಂಬ ಊರು
ಈ ದಾರದೊಳಗೆ ಎಷ್ಟು ಹಿಡಿಸೀತು?
ನಾನು ಬೋಕಿಗಳಿಗೆ ನಂಬರು ಬರೆಯುವವನು.
ಸಣ್ಣ ಕುಂಚ, ಕಪ್ಪು ಶಾಯಿ, ಒಳಮೈಗೆ ಮಾತ್ರ.
ಹೊರಮೈ ಮುಟ್ಟಕೂಡದು.

ರಾತ್ರಿ ಶಾಲೆಯ ಗೋಡೆಗೆ ಪಂಚೆ ಕಟ್ಟಿ
ಮೇಡಂ ಚಿತ್ರ ತೋರಿಸಿದರು: ಪೆರು ದೇಶ,
ಕಡಲ ಮಗ್ಗುಲಲ್ಲೇ ಮರಳುಗಾಡು, ಮೋಚೆ ಎಂಬ ಜನ,
ಹಸಿ ಇಟ್ಟಿಗೆಯಲ್ಲೇ ಎದ್ದ ಗುಡ್ಡದಂಥ ಗುಡಿ.
ಬರಹ ಅರಿಯದವರು. ಆದರೂ
ಇಟ್ಟಿಗೆಯ ಬೆನ್ನ ಮೇಲೆ ಒಂದು ಸೊನ್ನೆ,
ಒಂದು ಪಾದ, ಎರಡು ಚುಕ್ಕೆ.
"ಯಾಕೆ ಹಾಕಿದರೋ, ಖಂಡಿತ ಹೇಳಲಾಗದು" ಎಂದರು.

ಹಿಂದಿನ ಬೆಂಚಿನಲ್ಲಿ ಜವನಮ್ಮ ನಕ್ಕಳು.
ಮಾಗಿ ಕಳೆದರೆ ಗೂಡಿಗೆ ಹೋಗಿ ಇಟ್ಟಿಗೆ ಕೊಯ್ಯುವವಳು,
ಅಲ್ಲಿವರೆಗೆ ನಮ್ಮಲ್ಲಿ ಬಾಣಲಿ ಹೊರುವವಳು.
"ಹೇಳಕ್ಕೇನು? ಲೆಕ್ಕ ಅದು.
ನೂರಕ್ಕೊಂದು ಇಟ್ಟಿಗೆಗೆ ನಾವೂ ಗೀರ್ತೀವಿ.
ಇಲ್ದಿದ್ರೆ ನಾನ್ ಕುಯ್ದಿದ್ದ ಮೇಸ್ತ್ರಿ
ಅವನ ಬಾಮೈದನ ಹೆಸರಿಗೆ ಬರ್ಕೊತಾನೆ."
ಮೇಡಂ ಸುಮ್ಮನಾದರು. ಪಂಚೆಯ ಮೇಲೆ
ಒಂದು ಹಾತೆ ಆ ಸೊನ್ನೆಯ ಸುತ್ತ ನಡೆಯಿತು.

ಗುರುವಾರ, ಎರಡಡಿ ಕೆಳಗೆ, ಬೂದಿಯ ಪದರದಲ್ಲಿ
ಸುಟ್ಟ ಇಟ್ಟಿಗೆ. ಮೇಲೆ ಮೂರು ಬೆರಳ ಗೀರು.
ಜವನಮ್ಮ ಬೆರಳಿಟ್ಟು ನೋಡಿದಳು, ಕೂರಲಿಲ್ಲ.
ಕೈ ಬದಲಿಸಿದಳು. ಕೂತಿತು.
"ಎಡಚಿ ಕಣಪ್ಪ ಇವಳು."
ಇವಳು ಅಂತ ಹೇಗೆ ಗೊತ್ತು, ಎಂದೆ.
"ಬೆರಳು ನೋಡು, ನನ್ನಷ್ಟೇಯ."

ರಿಜಿಸ್ಟರಿನಲ್ಲಿ ಅಳತೆ ಬರೆದೆ, ತೂಕ ಬರೆದೆ,
ಷರಾ ಎಂಬ ಕೊನೆಯ ಕಾಲಮಿನಲ್ಲಿ
'ಎಡಚಿ' ಎಂದು ಬರೆದೆ.
ಮರುದಿನ ಅದರ ಮೇಲೆ ಕೆಂಪು ಗೀಟು: ಆಧಾರವಿಲ್ಲ.
ಸರಿಯೇ. ಆಧಾರವಿಲ್ಲ.
ಅತ್ತ ಗುಡಿಯ ಗೋಡೆಯಲ್ಲಿ ಕಲ್ಲುಕುಟಿಗರು
ಬಿರುದು ಸಮೇತ ಹೆಸರು ಕೆತ್ತಿಕೊಂಡಿದ್ದಾರೆ,
ಜನ ಕತ್ತೆತ್ತಿ ನಿಂತು ಕೇಳಿಸಿಕೊಳ್ಳುತ್ತಾರೆ.

ಶನಿವಾರ ಬಟವಾಡೆ. ಜವನಮ್ಮ ಮಸ್ಟರ್ ರೋಲಿನಲ್ಲಿ
ಎಡಗೈ ಹೆಬ್ಬೆಟ್ಟು ಒತ್ತಿದಳು,
ನೋಟು ಎರಡು ಸಲ ಎಣಿಸಿದಳು,
ಒರೆಸಲು ಬಟ್ಟೆ ಹುಡುಕಿ, ಸಿಗದೆ,
ಗುಂಡಿಯ ಅಂಚಿನ ಇಟ್ಟಿಗೆಯೊಂದಕ್ಕೆ ತಿಕ್ಕಿ
ಬಾಣಾವರದ ಬಸ್ಸಿಗೆ ಓಡಿದಳು.

ನೀಲಿ. ಇನ್ನೂ ಹಸಿ.
ಕುಂಚ ಅದ್ದಿ ಹೋದವನು
ನಂಬರು ಹಾಕದೆ ಬಂದೆ.