ಕಳೆಗೆ ಬಾಡಿಗೆ

ಆ ಮುಳ್ಳುಗಿಡ ಕೀಳಬೇಡಿ, ಎಂದ
ಬಿಳಿ ಕೊಡೆಯಡಿ ಕೂತವನು, ಬೂಟಿಗೆ ನಮ್ಮ ಸಗಣಿ ಮೆತ್ತಿಕೊಂಡು.
ಒನೆಜಿಮ್ ಗುದ್ದಲಿ ಎತ್ತಿದವನು ಎತ್ತಿದಂತೆಯೇ ನಿಂತ.
ಮೂವತ್ತು ವರ್ಷದ ಬೇಸಾಯದಲ್ಲಿ ನನ್ನ ಗಂಡ
ಕಳೆಯ ಪರ ವಕಾಲತ್ತು ಹಾಕಿದವರನ್ನು
ಕಂಡಿರಲಿಲ್ಲ.

ದಿನಕ್ಕೆ ಒಂದು ಫ್ರಾಂಕ್ ಗಿಡಕ್ಕೆ,
ಎರಡು ನನಗೆ.
ಆಲೂಗಡ್ಡೆ ಸಾಲಿನಲ್ಲಿ ಬಗ್ಗಿ ನಿಲ್ಲಬೇಕು,
ಕೈ ಮಣ್ಣೊಳಗೆ ಇರಬೇಕು,
ಗಡ್ಡೆ ಮೇಲೆ ಬರಕೂಡದು.
"ದಣಿವು ಕಾಣಲಿ, ಮದಾಂ," ಅನ್ನುವನು.
ದಣಿಯಲು ಕೆಲಸ ಮಾಡಗೊಡು ಪುಣ್ಯಾತ್ಮ, ಅನ್ನಬೇಕೆನಿಸಿತು.
ಅನ್ನಲಿಲ್ಲ. ಎರಡು ಫ್ರಾಂಕ್.

ನಮಗೆ ಬಿಸಿಲು ಬೇಕಿತ್ತು, ಅವನಿಗೆ ಮೋಡ.
ಮ್ಯೂಸ್ ನದಿಯ ಕಡೆಯಿಂದ ಬೂದು ಬೆಳಕು ಹಬ್ಬಿದರೆ
ಕುಂಚ ಹಿಡಿದು ಮಗುವಿನ ಹಾಗೆ ಕೇಕೆ ಹಾಕುವನು;
ಎರಡನೇ ಕೊಯ್ಲಿನ ಹುಲ್ಲಿಗೆ ಗೋಣಿ ಹೊದಿಸುತ್ತ
ಅದೇ ಮೋಡಕ್ಕೆ ಒನೆಜಿಮ್ ಹಿಡಿಶಾಪ ಹಾಕುವನು.
ಇರುವುದು ಒಂದೇ ಆಕಾಶ. ದೇವರು ಯಾರ ಮಾತು ಕೇಳಿಯಾನು?

ಹದಿನೇಳು ದಿನ.
ನನ್ನ ಹಿಮ್ಮಡಿಯ ಬಿರುಕಿಗೇ ಎರಡು ದಿನ ಹಿಡಿಯಿತು.
ಅಷ್ಟು ಹೊತ್ತು ಆ ಕಾಲನ್ನು
ಕಟ್ಟಿಕೊಂಡವನೂ ನೋಡಿರಲಿಲ್ಲ, ನಾನೂ ನೋಡಿಕೊಂಡಿರಲಿಲ್ಲ.
ಪಕ್ಕದಲ್ಲಿ ಕಳಚಿಟ್ಟ ಮರದ ಜೋಡು,
ಎಡಗಾಲಿನದರ ಸೀಳು, ಸೀಳಿಗೆ ಸುತ್ತಿದ ತಂತಿ,
ತಂತಿಯ ತುಕ್ಕು.
ಒಂದನ್ನೂ ಬಿಡಲಿಲ್ಲ.

ಕೊನೆಯ ಸಂಜೆ ಕರೆದು ತೋರಿಸಿದ.
ಹೌದು, ನಾನೇ. ಹೊಲವೂ ನಮ್ಮದೇ.
ಬಗ್ಗಿದ ನನಗಿಂತ ಎತ್ತರಕ್ಕೆ ಮುಳ್ಳುಗಿಡ
ಎಲ್ಲರಿಗಿಂತ ಮುಂದೆ ನಿಂತಿತ್ತು, ಊರ ಗೌಡನ ಗತ್ತಿನಲ್ಲಿ.
ಬೆನ್ನುನೋವು ಮಾತ್ರ ಎಲ್ಲಿಟ್ಟಿದ್ದಾನೆ ಅಂತ ಹುಡುಕಿದೆ.
ಇತ್ತು.
ಸೊಂಟದ ಬಳಿ ಅಂಗಿಯ ಒಂದು ಮಡಿಕೆಯಲ್ಲಿ.
ಕಳ್ಳ, ಅಂದುಕೊಂಡೆ. ಹೇಳದೆಯೇ ತೆಗೆದುಕೊಂಡಿದ್ದ.

ಅವನು ಗಾಡಿ ಹತ್ತಿ ಪ್ಯಾರಿಸಿಗೆ ಹೋದ.
ಗಿಡದ ಹೂವು ಆಗಲೇ ಅರಳೆಯಾಗಿತ್ತು.
ನಾಳೆ ಕಿತ್ತರಾಯಿತು ಅನ್ನುವಷ್ಟರಲ್ಲಿ
ಗಾಳಿ.

ಈ ವಸಂತದಲ್ಲಿ ಸಾಲಿಗೆ ನಲವತ್ತು, ಐವತ್ತು ಸಸಿ;
ಆಮೇಲೆ ಎಣಿಸುವುದನ್ನು ಬಿಟ್ಟೆವು.
ಗಿಡ ದುಡಿದ ಹದಿನೇಳು ಫ್ರಾಂಕು
ಹೊಸ ಗುದ್ದಲಿಗೆ, ಎರಡು ಕುಡುಗೋಲಿಗೆ,
ಅದನ್ನೇ ಕೀಳಲು ಬಂದ ಕೂಲಿಯ ಹುಡುಗಿಗೆ ಸರಿಹೋಯಿತು.

ಭಾನುವಾರ ಪಾದ್ರಿ ಪತ್ರಿಕೆ ಬಿಡಿಸಿ ಓದಿದರು:
ದೊಡ್ಡ ಪ್ರದರ್ಶನದಲ್ಲಿ ಜನ ಆ ಗಿಡದ ಮುಂದೆ ನಿಂತು
'ಅಬ್ಬಾ, ಎಂಥ ನಿಜ!' ಅನ್ನುತ್ತಿದ್ದಾರಂತೆ.
ಒಬ್ಬ ಹೆಂಗಸು ಕೈಗವಸು ಕಳಚಿ ಮುಟ್ಟಲು ಹೋದಳಂತೆ.

"ನಿಜವೇ," ಅಂದ ಒನೆಜಿಮ್,
ಅಂಗೈಯ ಮುಳ್ಳನ್ನು ಹಲ್ಲಿನಲ್ಲಿ ಕೀಳುತ್ತ.